ತುಳಜಾರಾಮ ಸರ್ ಕಂಪ್ಯೂಟರ್ ಕಲಿತದ್ದು

ನಮ್ಮ ಹುಮನಾಬಾದಿನ ಶಾಲೆಗೆ ಎಂಬತ್ತಾರರಲ್ಲಿ ಕಂಪ್ಯೂಟರ್ ಬಂದದ್ದೇ ತಡ, ಗ್ರಂಥಪಾಲ ತುಳಜಾರಾಮ ಸರ್ ಅದರ ಮುಂದೆಯೇ ಬೀಡುಬಿಟ್ಟರು. ಕೀಲಿ ಮುಟ್ಟುವ ಮೊದಲು ಬೆರಳೆತ್ತಿ ಯಂತ್ರದ ಅಪ್ಪಣೆ ಕೇಳುವರು: "ಒತ್ತಲೇನ್ರಿ?" ಒತ್ತಿದ ಮೇಲೆ ಅಕ್ಷರವನ್ನು ಪರದೆಯ ಬಲತುದಿಯಲ್ಲಿ ಹುಡುಕುವರು, ಕಾಣದಿದ್ದರೆ ಕನ್ನಡಕ ಒರೆಸುವರು, ಆಮೇಲೆ ಎದ್ದು ಯಂತ್ರದ ಹಿಂದೆಯೂ ಇಣುಕಿ ಬರುವರು. ನಿಜಾಮರ ಕಾಲದಲ್ಲಿ ಉರ್ದು ಶಾಲೆ ಕಲಿತ ಕಣ್ಣು ಅದು, ಸಾಲು ಬಲದಿಂದಲೇ ಶುರುವಾಗಬೇಕು. "ಎಡಕ್ಕ ನೋಡ್ರಿ ಸರ, ಎಡಕ್ಕ!" ಎಂದು ಗಣಿತದ ಟೀಚರ್ ಭಾಗಮ್ಮ ನಗುವರು. "ನನಗ ಗೊತ್ತದರಿ ಅಕ್ಕೋರ, ಈ ಕಣ್ಣಿಗಿ ಗೊತ್ತಿಲ್ಲ" ಎನ್ನುವರು ಇವರು. ನಿವೃತ್ತಿಗೆ ಉಳಿದದ್ದು ಮೂರೇ ತಿಂಗಳು; ಅಷ್ಟರೊಳಗೆ ಗ್ರಂಥಾಲಯದ ಪುಸ್ತಕಗಳ ಹೆಸರನ್ನೆಲ್ಲ ತಾವೇ ಯಂತ್ರಕ್ಕೆ ಏರಿಸಬೇಕೆಂಬ ಹಟ. "ಹೋಗೋ ಹೊತ್ತಿನ್ಯಾಗ ಇದೆಲ್ಲಾ ಯಾಕ್ರಿ? ಹೊಸಬರು ಬಂದು ಮಾಡ್ತಾರ ಬಿಡ್ರಿ" ಎಂದು ಹೆಡ್‌ಮಾಸ್ತರರು ಹೇಳಿದರೆ, "ಕಲಿಯಾಕತ್ತೀನ್ರಿ" ಎಂದಷ್ಟೇ ಹೇಳಿ ಮುಂದಿನ ಕೀಲಿ ಹುಡುಕುವರು. ನಾಲ್ಕನೆಯ ದಿನ ಮೊದಲ ಪುಸ್ತಕದ ಹೆಸರು ಪೂರ್ತಿಯಾಯಿತು. ಯಾವುದೋ ದಪ್ಪ ನಿಘಂಟು ಇದ್ದೀತೆಂದು ನಾವು ಬಗ್ಗಿ ನೋಡಿದರೆ, ಒಂದನೇ ತರಗತಿಯ ಕನ್ನಡ ಪುಸ್ತಕ! ಐವತ್ತಾರರಲ್ಲಿ ಬೀದರ ಕನ್ನಡ ರಾಜ್ಯಕ್ಕೆ ಸೇರಿದಾಗ, ಇಪ್ಪತ್ತೆಂಟು ವರ್ಷದ ತುಳಜಾರಾಮ ಸಣ್ಣ ಮಕ್ಕಳ ಸಾಲಿನಲ್ಲಿ ಮೊಣಕಾಲು ಮಡಚಿ ಕೂತು ಆ ಪುಸ್ತಕದಿಂದಲೇ ಕನ್ನಡ ಓದುಬರಹ ಕಲಿತಿದ್ದರಂತೆ. ಈಗ ಪರದೆಯಲ್ಲಿ, ಆ ಪುಸ್ತಕ ಓದಿದವರ ಹೆಸರು ಬರೆಯುವ ಜಾಗದಲ್ಲಿ, ಅವರು ಒಂದೊಂದೇ ಅಕ್ಷರ ಒತ್ತಿ ತಮ್ಮ ಹೆಸರನ್ನು ಬರೆದಿದ್ದರು.