ಖಾಲಿ ಕುರ್ಚಿಯಲ್ಲಿ ಕಂಡವನು

ಈಗಲೂ ಯಾವ ಹೋಟೆಲಿಗೆ ಹೋದರೂ ಕೂರುವ ಮೊದಲು ತಲೆಯೆತ್ತಿ ಸೂರು ನೋಡುತ್ತೇನೆ. ಮಂಡಿ ಮೊಹಲ್ಲಾದ ಹಳೆಯ ಹೋಟೆಲೊಂದರ ಸೂರು, ಮರದ ತೊಲೆಗಳ ಮೇಲೆ ಇಟ್ಟಿಗೆ-ಗಾರೆ ಹಾಸಿದ ಮದ್ರಾಸ್ ತಾರಸಿ, ನನ್ನ ಕಣ್ಣೆದುರೇ ಕುಸಿದಿತ್ತು. ಮೊದಲು ಸ್ವಲ್ಪ ಮಣ್ಣು ಉದುರಿತು. ಆಮೇಲೆ ತೊಲೆ ಮುರಿದ ಸದ್ದು. ಆಮೇಲೆ ಏನೂ ಕಾಣದಷ್ಟು ಸುಣ್ಣದ ಧೂಳು. ನಾನು ಕೌಂಟರಿನಲ್ಲಿ ಕಾಫಿಗೆ ನಿಂತಿದ್ದೆ. ನನ್ನ ಗೆಳೆಯ ಗೋಡೆ ಪಕ್ಕದ ನಮ್ಮ ಮೇಜಿನಲ್ಲಿದ್ದ. ತೊಲೆ ಅವನ ಮೇಲೆ ಬಿದ್ದದ್ದನ್ನು ನಾನು ನೋಡಿದೆ.

ಅದು ನಮ್ಮ ವಾದದ ಮೇಜು. ಇಬ್ಬರೂ ಒಂದೇ ಕಾಲೇಜಿನಲ್ಲಿ ಪಾಠ ಮಾಡುವವರು. ನಾನು ಇತಿಹಾಸ, ಅವನು ರಸಾಯನಶಾಸ್ತ್ರ. ಅವನು ಕ್ರೈಸ್ತ. ನಮ್ಮ ತಾತ ಅರಮನೆಯ ಆಶ್ರಯದಲ್ಲಿ ತರ್ಕ ಹೇಳಿಕೊಡುತ್ತಿದ್ದವರು. ಪ್ರತಿ ವರ್ಷ ಈಸ್ಟರ್ ಹತ್ತಿರವಾದಂತೆ ನಮ್ಮ ಮಾತು ಒಂದೇ ಕಡೆ ಬಂದು ನಿಲ್ಲುತ್ತಿತ್ತು: ಸತ್ತ ಯೇಸು ಎದ್ದು ಬಂದ ಎಂಬುದಕ್ಕೆ ಸಾಕ್ಷಿ ಏನು? ಸಮಾಧಿಗೆ ಹೋಗಿ ಅದು ಬರಿದಾಗಿದ್ದದ್ದನ್ನು ಕಂಡ ಹೆಂಗಸರು ಎಷ್ಟು ಜನ ಎಂಬುದರಲ್ಲೇ ಬೈಬಲಿನ ನಾಲ್ಕು ಸುವಾರ್ತೆಗಳೂ ಹೊಂದುವುದಿಲ್ಲ ಎಂದು ನಾನು. ಕಟ್ಟುಕತೆಯಾಗಿದ್ದರೆ ಹೊಂದಿಸಿಯೇ ಬರೆಯುತ್ತಿದ್ದರು, ಆ ಕಾಲದವರು ಲೆಕ್ಕಕ್ಕೇ ಇಡದ ಹೆಂಗಸರನ್ನು ಮೊದಲ ಸಾಕ್ಷಿಯಾಗಿ ನಿಲ್ಲಿಸುತ್ತಿರಲಿಲ್ಲ ಎಂದು ಅವನು. ನಂಬತಕ್ಕವನು ಕಂಡು ಹೇಳಿದ ಮಾತೂ ಪ್ರಮಾಣವೇ ಎಂಬ ತಾತನ ತರ್ಕಶಾಸ್ತ್ರದ ಮಾತನ್ನು ನನ್ನಿಂದಲೇ ಕಲಿತು ನನಗೇ ತಿರುಗಿಸುತ್ತಿದ್ದ. "ನಿಮ್ಮ ತಾತ ನನ್ನ ಕಡೆ ಕಣಯ್ಯ" ಎಂದು ನಗುತ್ತಿದ್ದ.

ಈಸ್ಟರ್‌ವರೆಗಿನ ಉಪವಾಸದ ದಿನಗಳಲ್ಲಿ ಅವನು ಕಾಫಿ ಬಿಡುತ್ತಿದ್ದ. ಮಾಂಸ ಬಿಡುವುದೇನೂ ದೊಡ್ಡದಲ್ಲ, ಕಾಫಿ ಬಿಡುವುದೇ ನಿಜವಾದ ತಪಸ್ಸು ಎನ್ನುತ್ತಿದ್ದ. ಆದರೂ ನನ್ನ ಜೊತೆ ಬಂದು ಬರೀ ನೀರಿನ ಲೋಟ ಮುಂದಿಟ್ಟುಕೊಂಡು ಕೂರುತ್ತಿದ್ದ. ಸೂರು ಬಿದ್ದದ್ದು ಅಂಥದೇ ಒಂದು ಮಧ್ಯಾಹ್ನ.

ಅಗ್ನಿಶಾಮಕ ದಳದವರು ಬಂದಾಗ ನಾನು ಬೆರಳು ಮಾಡಿ ತೋರಿಸಿದೆ. "ಅಲ್ಲೇ, ಗೋಡೆ ಪಕ್ಕ. ಮೇಲೆ ಬಿದ್ದಿದ್ದನ್ನ ಕಣ್ಣಾರೆ ನೋಡಿದೀನಿ." ನನ್ನ ಮಾತು ನಂಬಿ ಅವರು ಜೋತಾಡುತ್ತಿದ್ದ ಇನ್ನೊಂದು ತೊಲೆಯ ಕೆಳಗೇ ನುಗ್ಗಿದರು. ಅವನ ಚೀಲ ಸಿಕ್ಕಿತು. ಮುರಿದ ಕುರ್ಚಿ ಸಿಕ್ಕಿತು. ಅಷ್ಟರಲ್ಲಿ ಮತ್ತೊಂದು ತುಂಡು ಗಾರೆ ಒಬ್ಬರ ಹೆಲ್ಮೆಟ್ಟನ್ನು ಸವರಿಕೊಂಡು ಬಿತ್ತು.

ಆಗ ಪಕ್ಕದ ಓಣಿಯಿಂದ ತಲೆಯಿಂದ ಕಾಲಿನವರೆಗೆ ಸುಣ್ಣ ಮೆತ್ತಿಕೊಂಡ ಒಬ್ಬ ಬಂದು ನನ್ನ ಮುಂದೆ ನಿಂತ. ನಾನು ಹೆದರಿ ಹಿಂದೆ ಸರಿದೆ.

"ನಾನೇ ಕಣಯ್ಯ" ಎಂದ.

ಧ್ವನಿ ಗೊತ್ತಾಯಿತು. ಆದರೂ ಮಣಿಕಟ್ಟು ಹಿಡಿದು ನೋಡುವವರೆಗೆ ಭಯ ಹೋಗಲಿಲ್ಲ.

ಆಗಷ್ಟೇ ಇಳಿಸಿದ ಡಿಕಾಕ್ಷನ್ ಘಮ ತಡೆಯಲಾರದೆ ಅವನು ಸೂರು ಬೀಳುವ ಮೊದಲೇ ಹಿಂಬಾಗಿಲಿನಿಂದ ಆಚೆ ಹೋಗಿದ್ದನಂತೆ. ಸುಣ್ಣದ ಧೂಳು ಅಲ್ಲಿಗೂ ನುಗ್ಗಿ ಮೈಗೆಲ್ಲ ಮೆತ್ತಿತ್ತು, ಬಿದ್ದ ಗಾರೆಯಿಂದ ಬಾಗಿಲು ಮುಚ್ಚಿಹೋದದ್ದರಿಂದ ಸುತ್ತಿ ಬರಲು ಹೊತ್ತು ಹಿಡಿಯಿತು. ಗಿರಾಕಿಗಳು ಕಡಿಮೆಯಿದ್ದ ಹೊತ್ತು. ಕೆಲವರಿಗೆ ಗಾಯವಾಯಿತು, ಯಾರ ಜೀವವೂ ಹೋಗಲಿಲ್ಲ.

ಕೆಲವು ದಿನ ಕಳೆದು ಅವನು ನಮ್ಮ ಮನೆಗೆ ಬಂದ. ಈಸ್ಟರ್ ಮುಂಜಾನೆ ಅವರ ಚರ್ಚಿನ ಸಭೆಯವರೆಲ್ಲ ಸ್ಮಶಾನದಲ್ಲಿ ಸೇರುತ್ತಾರೆ. ಸಮಾಧಿ ಬರಿದಾಗಿದ್ದ ಅಧ್ಯಾಯವನ್ನು ಅಲ್ಲಿ ಓದುವುದು ಮೊದಲು ಅವರಪ್ಪನ ಪಾಲಿಗಿತ್ತು, ಈಗ ಇವನದು. ಅವರಪ್ಪನನ್ನು ಹೂಳಿರುವುದೂ ಅಲ್ಲೇ. ಈ ಸಲ ಬೇರೆ ಯಾರಾದರೂ ಓದಲಿ ಎಂದು ಪಾದ್ರಿಗಳಿಗೆ ಹೇಳುತ್ತೇನೆ ಎಂದ.

"ನಾನು ಆ ಕುರ್ಚೀಲಿ ಇರಲೇ ಇಲ್ಲ. ನೀನು ಸುಳ್ಳು ಹೇಳೋನಲ್ಲ, ಆದ್ರೂ ನೋಡಿದೆ ಅಂದೆ. ದಿನಾ ಕೂರೋ ಜಾಗ ಅಂತ ನಿನ್ನ ಕಣ್ಣು ನನ್ನನ್ನ ಅಲ್ಲಿ ಕೂರಿಸ್ಬುಡ್ತು. ಶಿಷ್ಯರೂ ಯೇಸುಸ್ವಾಮಿ ಜೊತೆ ವರ್ಷಗಟ್ಲೆ ಊಟಕ್ಕೆ ಕೂತೋರೇ ಅಲ್ವೇನಯ್ಯ? ಅವರ ಕಣ್ಣೂ ಹಂಗೇ ಮಾಡಿದ್ರೆ?"

ಅಷ್ಟು ವರ್ಷ ವಾದ ಮಾಡಿ ನಾನು ಅಲ್ಲಾಡಿಸಲಾಗದ್ದನ್ನು ನನ್ನ ಒಂದು ತಪ್ಪು ನೋಟ ಅಲ್ಲಾಡಿಸಿತ್ತು. ಗೆದ್ದೆ ಅನ್ನಿಸಲಿಲ್ಲ. ಅಪ್ಪನ ಸಮಾಧಿಯ ಮುಂದೆ ನಂಬದೆ ಓದಲಾರೆ ಎಂದು ಅವನು ತಲೆ ತಗ್ಗಿಸಿ ಕೂತಿದ್ದ.

ನಾನು ಆ ಮಧ್ಯಾಹ್ನವನ್ನು ಮನಸ್ಸಿನಲ್ಲಿ ಎಷ್ಟು ಸಲ ತಿರುಗಿಸಿದ್ದೆನೋ. ತೊಲೆ ಬೀಳುವಾಗ ಅವನು ಕುರ್ಚಿಯಲ್ಲಿ ನನಗೆ ಕಾಣಿಸಿದ್ದರಲ್ಲಿ ಯಾವ ಅನುಮಾನವೂ ಇರಲಿಲ್ಲ, ನೀರಿನ ಲೋಟದ ಸಮೇತ ಕಂಡಿದ್ದ. ಓಣಿಯಿಂದ ಬಂದವನು ಹಾಗಲ್ಲ. ಅವನನ್ನು ನಾನು ನಿರೀಕ್ಷಿಸಿರಲಿಲ್ಲ, ಗುರುತು ಹಿಡಿಯಲಿಲ್ಲ, ಮುಟ್ಟದೆ ನಂಬಲಿಲ್ಲ. ಇದನ್ನೆಲ್ಲ ಅವನಿಗೆ ಹೇಳಿದೆ. ಅವನು ಓದುವ ಅಧ್ಯಾಯಗಳಲ್ಲೂ ಎದ್ದು ಬಂದ ಯೇಸುವನ್ನು ಕಂಡವರು ಮೊದಲು ಹೆದರುತ್ತಾರೆ, ತೋಟದ ಮಾಲಿಯೆಂದೋ ದಾರಿಹೋಕನೆಂದೋ ತಿಳಿಯುತ್ತಾರೆ. ರೂಢಿ ತಂದು ನಿಲ್ಲಿಸಿದವನಿಗೆ ಯಾರೂ ಹಾಗೆ ಹೆದರುವುದಿಲ್ಲ.

"ನೀನು ನನ್ನ ಕಡೆ ವಕಾಲತ್ತು ಮಾಡ್ತಿದೀಯಾ?" ಎಂದ.

"ಎದ್ದು ಬಂದ ಅಂತ ನಾನು ಹೇಳ್ತಿಲ್ಲ. ನನ್ನ ತಪ್ಪನ್ನ ಆ ಶಿಷ್ಯರ ತಲೆಗೆ ಕಟ್ಟಬೇಡ, ಅಷ್ಟೆ."

ಅವನು ಎದ್ದು ಹೊರಟುಹೋದ. ಈಸ್ಟರಿನ ಹಿಂದಿನ ದಿನ ಮಾತ್ರ ಫೋನು ಮಾಡಿ, ಬೆಳಗ್ಗೆ ಬಾ ಎಂದ.

ಮಬ್ಬು ಬೆಳಕಿನಲ್ಲಿ ಸಮಾಧಿಗಳ ಮೇಲೆ ಮೇಣದಬತ್ತಿಗಳು ಉರಿಯುತ್ತಿದ್ದವು. ಅವನು ಅವರಪ್ಪನ ಕಲ್ಲಿನ ಪಕ್ಕ ನಿಂತು ಓದಿದ. ಹೆಂಗಸರು ನಡುಗುತ್ತ ಓಡಿಹೋದರು ಎಂಬಲ್ಲಿಗೆ ಬಂದಾಗ ನಿಲ್ಲಿಸಿ ನನ್ನನ್ನು ಹುಡುಕಿದ. ನಾನು ಆಗ ಆಕಾಶ ನೋಡುತ್ತಿದ್ದೆ, ಮೇಲೆ ಸೂರಿಲ್ಲವೆಂದು ಗೊತ್ತಿದ್ದರೂ. ಕಣ್ಣು ಕೆಳಗಿಳಿಸಿದಾಗ ಅವನ ಕಣ್ಣು ಸಿಕ್ಕಿತು. ಅವನು ಮುಂದೆ ಓದಿದ. ದನಿ ಮೊದಲಿಗಿಂತ ಸಣ್ಣದಾಗಿತ್ತು, ಆದರೆ ನಿಲ್ಲಲಿಲ್ಲ.

ಆಮೇಲೆ ಗೇಟಿನ ಹತ್ತಿರ ಕಾಫಿ ಕೊಟ್ಟರು. ಅವನು ಲೋಟ ಮೂಗಿನ ಹತ್ತಿರ ಹಿಡಿದು ಘಮ ಎಳೆದುಕೊಂಡ.

"ನೀನು ಇನ್ನೂ ಒಪ್ಪಿಲ್ಲ, ಅಲ್ವೇನಯ್ಯ?"

"ಇಲ್ಲ."

"ಸರಿ, ಬುಡು. ಕೂರೋಕೆ ಬೇರೆ ಹೋಟ್ಲು ನೋಡ್ಬೇಕು" ಎಂದು ಅವನು ಮೊದಲ ಗುಟುಕು ಕುಡಿದ.