ಬಿಸಿಯಾಗದ ಸುಣ್ಣ

ಅರವತ್ತರ ದಶಕದ ಆರಂಭದಲ್ಲಿ ನಾನು ಊರಿಗಾಂ ಬಳಿಯ ಒಂದು ಚಿನ್ನದ ಗಣಿಯ ರಕ್ಷಣಾ ದಳದಲ್ಲಿದ್ದೆ. ಬಂಗಾರಪೇಟೆಯಿಂದ ಬೆಳಗಿನ ರೈಲಿಗೆ ಬರುತ್ತಿದ್ದೆ. ಗಣಿಯಲ್ಲಿ ಹೊಗೆ ತುಂಬಿದರೆ ಬೆನ್ನಿಗೆ ಆಕ್ಸಿಜನ್ ಸಿಲಿಂಡರು, ಎದೆಗೆ ರಬ್ಬರ್ ಚೀಲ ಕಟ್ಟಿಕೊಂಡು ಇಳಿಯುವುದು ನಮ್ಮ ಕೆಲಸ. ನಾವು ಬಿಟ್ಟ ಉಸಿರು ಚೀಲದೊಳಗಿನ ಸುಣ್ಣದ ಹರಳುಗಳ ನಡುವೆ ಹಾದು, ಇಂಗಾಲಾಮ್ಲವನ್ನು ಅಲ್ಲೇ ಬಿಟ್ಟು, ಮತ್ತೆ ನಮ್ಮ ಬಾಯಿಗೇ ಬರುತ್ತಿತ್ತು. ಹರಳು ಕೆಲಸ ಮಾಡುತ್ತಿದ್ದರೆ ಚೀಲ ಬಿಸಿಯಾಗುತ್ತಿತ್ತು. ಹರಳು ತುಂಬಿಟ್ಟ ಡಬ್ಬಿಯ ಮುಚ್ಚಳ ಸಡಿಲವಾಗಿದ್ದರೆ ಹೊರಗಿನ ಗಾಳಿ ಕುಡಿದೇ ಅದರ ಶಕ್ತಿ ಮುಗಿದುಹೋಗುತ್ತಿತ್ತು.

ಚೀಲ ತುಂಬುವ ಜವಾಬ್ದಾರಿ ನನ್ನದು. ಒಂದು ಮಧ್ಯಾಹ್ನ ಕೆಳಗೆ ಸುರಂಗದ ಚಾವಣಿ ಹೊತ್ತ ಆಸರೆಯ ಮರಗಳಿಗೆ ಬೆಂಕಿ ಬಿತ್ತೆಂದು ಕರೆ ಬಂತು. ಉಳಿದವರ ಚೀಲಗಳ ನಂತರ ನನ್ನದು ತುಂಬುವಷ್ಟರಲ್ಲಿ ಹೊಸ ಡಬ್ಬಿ ಖಾಲಿಯಾಯಿತು. ಉಳಿದ ಡಬ್ಬಿಯ ಮುಚ್ಚಳ ಬಿಗಿಯಾಗಿರಲಿಲ್ಲ. ಮೇಲಿನ ಹರಳುಗಳು ಪುಡಿಪುಡಿಯಾಗಿದ್ದವು. ಪುಡಿ ಕೆರೆದು ತೆಗೆದು, ಅಡಿಯದು ಸರಿಯಿದ್ದೀತು ಎಂದುಕೊಂಡು ನನ್ನ ಜೊತೆಗಾರನ ಚೀಲಕ್ಕೆ ಸುರಿದೆ. ಮಾರಿಕುಪ್ಪಂನವನು, ನನಗಿಂತ ಹತ್ತು ವರ್ಷ ದೊಡ್ಡವನು. ಅಣ್ಣ ಎಂದೇ ಕರೆಯುತ್ತಿದ್ದೆ.

"ಬೇಗ ಕೊಡ್ಲಾ, ಕೆಳಗೆ ಜನ ಅವ್ರೆ," ಎಂದ.

ಕೊಟ್ಟೆ. ಮುಚ್ಚಳದ ವಿಷಯ ಹೇಳಲಿಲ್ಲ.

ಹೊಗೆಯೊಳಗೆ ದಳದ ಐವರೂ ಸಾಲಾಗಿ ನಡೆದೆವು. ಬಾಯಲ್ಲಿ ನಳಿಕೆ, ಮೂಗಿಗೆ ಕ್ಲಿಪ್ಪು, ಮಾತಿಲ್ಲ. ಸ್ವಲ್ಪ ಹೊತ್ತಿಗೆ ಮುಂದಿದ್ದ ಅಣ್ಣನ ಹೆಗಲು ಜೋರಾಗಿ ಏರಿಳಿಯತೊಡಗಿತು. ಗೋಡೆಗೆ ಕೈಯೂರಿ ನಿಂತ. ನನ್ನ ಚೀಲ ಎದೆ ಸುಡುವಂತಿತ್ತು. ಕೈಚಾಚಿ ಅವನದನ್ನು ಮುಟ್ಟಿದೆ. ತಣ್ಣಗಿತ್ತು.

ದಳದ ನಾಯಕರಿಗೆ ವಾಪಸಾಗುವ ಸನ್ನೆ ಮಾಡಿದೆ. ಅಣ್ಣ ನನ್ನ ಕೈ ಕೊಡವಿದ. ಕಣ್ಣುಗಳು ಎಲ್ಲೋ ನೋಡುತ್ತಿದ್ದವು. ನಳಿಕೆ ಕೀಳಲು ಅವನ ಕೈ ಬಾಯಿಯತ್ತ ಹೋಯಿತು. ಕಿತ್ತಿದ್ದರೆ ಹೊಗೆಯೇ ಅವನನ್ನು ಕೊಲ್ಲುತ್ತಿತ್ತು. ನಾನು ಆ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡೆ. ಉಳಿದವರು ಸೊಂಟಕ್ಕೆ ಕೈಹಾಕಿ ಎಳೆದರು. ಶುದ್ಧ ಗಾಳಿಯ ಜಾಗ ಬರುವವರೆಗೂ ನಾನು ಆ ಕೈ ಬಿಡಲಿಲ್ಲ.

ಅಲ್ಲಿ ಕುಳಿತು ವಾಂತಿ ಮಾಡಿಕೊಂಡ. ಇನ್ನೊಂದು ತಂಡ ನಮ್ಮ ಬದಲು ಒಳಗೆ ಹೋಯಿತು. ಒಳಗಿದ್ದವರನ್ನೆಲ್ಲ ಜೀವಂತ ತಂದರು.

"ಉಸ್ರು ಸಾಲ್ತಿರ್ಲಿಲ್ಲ ಕಣ್ಲಾ," ಎಂದ ಅಣ್ಣ. "ನಾನೇ ಎದ್ರಿಕೊಂಡಿದೀನಿ ಅಂತ ಸುಮ್ಕಿದ್ದೆ. ನಾಚ್ಕೆ ಆಯ್ತು."

"ನೀನು ಎದ್ರಲಿಲ್ಲ ಅಣ್ಣ. ಸುಣ್ಣ ಸತ್ತಿತ್ತು. ನಂಗೆ ಅನುಮಾನ ಇತ್ತು."

ನಾಯಕರಿಗೂ ನಾನೇ ಹೇಳಿದೆ. ಕೆಲವು ತಿಂಗಳು ನನ್ನನ್ನು ದಳದಿಂದ ಹೊರಗಿಟ್ಟರು. ಹಿಂತಿರುಗಿದ ದಿನ ಅಣ್ಣ ತನ್ನ ಬುತ್ತಿಯಿಂದ ಅರ್ಧ ಮುದ್ದೆ ಮುರಿದು ಕೊಟ್ಟ. ಚೀಲವನ್ನು ಮಾತ್ರ ಅಲ್ಲಿಂದಾಚೆ ತಾನೇ ತುಂಬಿಕೊಳ್ಳುತ್ತಿದ್ದ.