ಹಲ್ಲುನೋವಿನ ಪರದೆ

ಬಳ್ಳಿರಾಯರಿಗೆ ಈ ಬಿರುದು ಯಾವ ಅರಮನೆಯಲ್ಲೂ ಸಿಕ್ಕಿದ್ದಲ್ಲ. ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆಯ ಮೂಲೆಯ ಮೇಜಿನಲ್ಲಿ ಕೂತು ಇಪ್ಪತ್ತೆರಡು ವರ್ಷ ಹೂಬಳ್ಳಿಗಳನ್ನೇ ಬರೆದದ್ದಕ್ಕೆ ಜೊತೆಯವರು ಕಟ್ಟಿದ ಪಟ್ಟ ಅದು. ಅವರ ಬಳ್ಳಿ ಎಷ್ಟೋ ಮನೆಗಳ ದಿಂಬಿಗೆ ಹಬ್ಬಿ, ಹಾಸಿಗೆಯನ್ನು ಆಳಿ, ಕೊನೆಗೆ ನೆಲ ಒರೆಸುತ್ತ ವೀರಮರಣ ಪಡೆದಿತ್ತು. ಚಿಂತೆಯಲ್ಲೂ ರಾಯರು ಶೂರರೇ. ಹಾಕಿದ ಬೀಗವನ್ನು ನಾಲ್ಕು ಸಲ ಎಳೆದು ನೋಡಿ, ಐದನೆಯ ಸಲಕ್ಕೆ ಅರ್ಧ ದಾರಿಯಿಂದ ವಾಪಸು ಬರುವವರು.

ಇಂಥವರಿಗೆ ಮಾಲೀಕರು ಒಂದು ದಿನ ತಣ್ಣಗೆ ಹೇಳಿದರು: ಬಳ್ಳಿ ಸಾಕು, ಹೊಸದು ಬರದಿದ್ದರೆ ಇನ್ನು ಮೇಲೆ ವಿನ್ಯಾಸಗಳನ್ನು ಹೊರಗಿನಿಂದಲೇ ಕೊಳ್ಳುತ್ತೇನೆ. ಅಂದರೆ ಮೂಲೆಯ ಮೇಜಿಗೂ ಅದರ ಹಿಂದಿನ ಮನುಷ್ಯನಿಗೂ ವಿದಾಯ.

ರಾಯರು ದಿಗ್ವಿಜಯಕ್ಕೆ ಹೊರಟರು. ಉಗ್ರಾಣದ ಧೂಳಿನಿಂದ ಹಳೆಯ ಮರದ ಅಚ್ಚೊಂದನ್ನು ಹೊರತೆಗೆದರು. ಯಾವುದೋ ಕಾಲದ ಕುಶಲಕರ್ಮಿ ಕೆತ್ತಿದ ಎಲೆ ಅದು, ಅಂಚು ಸವೆದು ಇನ್ನಷ್ಟು ಚೆಂದವಾಗಿತ್ತು. ಆಮೇಲೆ ಚಿತ್ರಪ್ರದರ್ಶನಕ್ಕೆ ಹೋಗಿ, ನೀಲಿ ಬಣ್ಣವನ್ನು ಅಗಲ ಕುಂಚದಿಂದ ಬಳಿದಿದ್ದ ದೊಡ್ಡ ಕ್ಯಾನ್ವಾಸಿನ ಮುಂದೆ ಮುಕ್ಕಾಲು ಗಂಟೆ ನಿಂತರು. ಕಾವಲುಗಾರ ಎರಡು ಸಲ ಕೆಮ್ಮಿದ. ಕೊನೆಗೆ ಕಂದು ಬಣ್ಣದ ಹಳೆಯ ಎಲೆ, ಅದರ ಮೇಲೆ ನೀಲಿಯ ಹೊಸ ಬಳಿತ: ಹಳತಿಗೂ ಹೊಸತಿಗೂ ಮದುವೆಯಾಯಿತು. ಕಾಗದದ ಮೇಲೆ ಅದ್ಭುತ. ಬಣ್ಣಕ್ಕೊಂದರಂತೆ ಅಚ್ಚು ಹಾಕುವ ಜಾಲರಿ ಚೌಕಟ್ಟು, ಅಂದರೆ ಸ್ಕ್ರೀನ್, ತಯಾರಾಗಿ, ಪರದೆ ಬಟ್ಟೆಯ ಮೇಲೆ ನಾಲ್ಕು ಮೀಟರ್ ಮಾದರಿಯೂ ಮೂಡಿತು. ಮರುದಿನ ಹನ್ನೊಂದಕ್ಕೆ ದೊಡ್ಡ ಅಂಗಡಿಯ ಖರೀದಿ ಮೇಡಂ ನೋಡಲು ಬರುವವರಿದ್ದರು.

ಸಂಜೆ ರಾಯರು ಒಂದು ತುಂಡನ್ನು ಮನೆಗೆ ತಂದು ಕಿಟಕಿಗೆ ನೇತುಹಾಕಿದರು. ಅವರ ಹೆಂಡತಿ ಶಾಲಾ ಶಿಕ್ಷಕಿ. ಉತ್ತರಪತ್ರಿಕೆಗಳ ರಾಶಿಯಿಂದ ತಲೆಯೆತ್ತಿ ನೋಡಿದರು.

"ಚೆನ್ನಾಗಿದೆ ರೀ. ಆದ್ರೆ ಇವರಿಗೆಲ್ಲ ಯಾಕೆ ಹಲ್ಲುನೋವು?"

"ಯಾರಿಗೆ?"

ಆಕೆ ಕೆಂಪು ಪೆನ್ನಿನಿಂದ ತೋರಿಸಿದರು. ಒಂದು ಎಲೆಯಲ್ಲಿ ಏನೂ ಇರಲಿಲ್ಲ. ಸಾಲಾಗಿ ಬಂದಾಗ ಮಾತ್ರ ಎಲೆಗಳ ನಡುವಿನ ಬಿಳಿ ಜಾಗ ಜೋತುಬಿದ್ದ ಬಾಯಿಯಾಗುತ್ತಿತ್ತು, ಮೇಲಿನ ಎರಡು ನೀಲಿ ಬಳಿತಗಳು ನೊಂದ ಕಣ್ಣುಗಳಾಗುತ್ತಿದ್ದವು. ಕಿಟಕಿಯ ತುಂಬ ಮುಖಗಳು, ಒಂದೊಂದೂ ದಂತವೈದ್ಯರ ಬಾಗಿಲಲ್ಲಿ ಕಾದಿರುವಂತೆ. ಒಮ್ಮೆ ಕಂಡ ಮೇಲೆ ಕಾಣದಿರುವುದು ಹೇಗೆ? ರಾಯರು ಒಂದು ಕಣ್ಣು ಮುಚ್ಚಿ ನೋಡಿದರು, ಬಗ್ಗಿ ನೋಡಿದರು. ಮುಖಗಳು ಇವರನ್ನೇ ನೋಡುತ್ತಿದ್ದವು.

ಬೆಳಿಗ್ಗೆ ಏಳಕ್ಕೇ ಕಾರ್ಖಾನೆ ಸೇರಿದರು. ಹೊಸ ಸ್ಕ್ರೀನಿಗೆ ಎರಡು ದಿನ ಬೇಕು. ಇದ್ದದ್ದು ಒಂದೇ ದಾರಿ: ನೀಲಿಯನ್ನು ನಾಲ್ಕು ಬೆರಳು ಪಕ್ಕಕ್ಕೆ ಸರಿಸಿ ಅಚ್ಚು ಹಾಕಿದರೆ ಕಣ್ಣುಗಳು ಬಾಯಿಯ ಮೇಲಿಂದ ಜಾರಿ ಮುಖವೇ ಮಾಯ. ಆದರೆ ಆ ದಾರಿಗೆ ಅಡ್ಡಲಾಗಿ ಅಚ್ಚಿನ ಮೇಸ್ತ್ರಿ ನಿಂತಿದ್ದರು. ಮೂವತ್ತೊಂದು ವರ್ಷದಲ್ಲಿ ಅವರ ಮೇಜಿನ ಮೇಲೆ ಒಂದು ಬಣ್ಣ ಇನ್ನೊಂದರಿಂದ ನೂಲಿನೆಳೆಯಷ್ಟೂ ಆಚೀಚೆ ಹೋದದ್ದಿಲ್ಲ. ಅಂಥವರ ಬಳಿ ನಾಲ್ಕು ಬೆರಳು ಕೇಳುವುದೆಂದರೆ ಹುಲಿಯ ಮೀಸೆ ಕೇಳಿದಂತೆ.

ಆಧುನಿಕ ಚಿತ್ರಕಲೆಯಲ್ಲಿ ಹೀಗೆಲ್ಲ ಉಂಟು ಎಂದು ರಾಯರು ತೊದಲಿದರು.

"ಅವರು ಅವರ ಮನೇಲಿ ಮಾಡ್ಕೊಳ್ಲಿ ರಾಯರೇ," ಎಂದರು ಮೇಸ್ತ್ರಿ. "ಬಣ್ಣ ಜಾರಿದ ಬಟ್ಟೆ ನನ್ನ ಕೈಯಿಂದ ಹೋಗಲ್ಲ."

ಗಂಟೆ ಒಂಬತ್ತಾಯಿತು. ನಿಜ ಹೇಳಿದರೆ ಮುಖ ಇನ್ನೊಬ್ಬರ ಕಣ್ಣಿಗೆ ಬೀಳುತ್ತದೆ, ಊಟದ ಹೊತ್ತಿಗೆ ಕಾರ್ಖಾನೆಗೆಲ್ಲ, ಆಮೇಲೆ ಮಾಲೀಕರಿಗೆ. ಹೇಳದಿದ್ದರೆ ಮೇಡಂಗೇ ನೇರ. ಕೊನೆಗೆ ರಾಯರು ಮೇಸ್ತ್ರಿಯನ್ನು ಬಾಗಿಲ ತನಕ ಕರೆದೊಯ್ದು, ನಿನ್ನೆಯ ಮಾದರಿಯತ್ತ ತಿರುಗಿಸಿ, ಕಿವಿಯಲ್ಲಿ ಹೇಳಿದರು.

ಮೇಸ್ತ್ರಿ ಬಹಳ ಹೊತ್ತು ನೋಡಿದರು. ಅವರ ಕೈ ತಾನಾಗಿ ಕೆನ್ನೆಗೆ ಹೋಯಿತು.

"ಎಡಗಡೆ ದವಡೆ," ಎಂದರು ಮೆಲ್ಲಗೆ. ಆಮೇಲೆ ಹೊಸ ಬಟ್ಟೆ ಹಾಸಿದರು.

ಹನ್ನೊಂದಕ್ಕೆ ಮೇಡಂ ಬಂದರು, ಪಕ್ಕದಲ್ಲಿ ಮಾಲೀಕರು. ಬಣ್ಣ ಆಗಷ್ಟೇ ಒಣಗಿತ್ತು. ಆಕೆ ಬಗ್ಗಿ, ಎಲೆಯಿಂದ ಹೊರಚೆಲ್ಲಿದ ನೀಲಿಯ ಮೇಲೆ ಬೆರಳಿಟ್ಟರು.

"ಇದು ತಪ್ಪಿ ಆಗಿದ್ದಾ?"

ಮಾಲೀಕರು ರಾಯರತ್ತ ತಿರುಗಿದರು. ಆಗ ಮೇಸ್ತ್ರಿ ಮುಂದೆ ಬಂದರು.

"ನನ್ನ ಮೇಜಲ್ಲಿ ತಪ್ಪಾಗಲ್ಲ ಅಮ್ಮ. ಬೇಕಂತಲೇ ಸರಿಸಿದ್ದು."

ಮೇಡಂ ನಾಲ್ಕು ಹೆಜ್ಜೆ ಹಿಂದೆ ಹೋಗಿ, ತಲೆ ಓರೆ ಮಾಡಿ ನೋಡಿದರು. ಇದೇ ಬೇಕು, ಎರಡು ಸಾವಿರ ಮೀಟರ್, ನೀಲಿ ಎಲ್ಲ ಕಡೆಯೂ ಇಷ್ಟೇ ಜಾರಿರಬೇಕು, ಒಂದು ಕೂದಲೂ ಹೆಚ್ಚುಕಡಿಮೆ ಆಗಬಾರದು ಎಂದರು.

ಅವರ ಕಾರು ಗೇಟು ದಾಟುವ ಮೊದಲೇ ಮೇಸ್ತ್ರಿ ಅಳತೆಪಟ್ಟಿ ತರಿಸಿ, ನಾಲ್ಕು ಬೆರಳಿನ ಆ ಜಾರಿಕೆಯನ್ನು ಮೂರು ಸಲ ಅಳೆದು, ಮೇಜಿನ ಅಂಚಿನುದ್ದಕ್ಕೂ ಸೀಮೆಸುಣ್ಣದಲ್ಲಿ ಗುರುತು ಹಾಕತೊಡಗಿದರು. ಸರಿಯಾಗಿದೆಯೇ ಎಂದು ಬಗ್ಗಿ ನೋಡಲು ಹೋದ ರಾಯರ ಮೊಣಕೈ ಒಂದು ಗುರುತನ್ನು ಅಳಿಸಿತು. ಮೇಸ್ತ್ರಿ ಅವರನ್ನು ಎರಡು ಗಜ ದೂರ ನಿಲ್ಲಿಸಿ, ಮೊದಲಿನಿಂದ ಅಳೆದರು.